ಹೊಸ ಸೈಕಲ್ ಬೇಡವೆಂದು ಬರೆದ ಅರ್ಜಿ

ಅರ್ಜಿ ಬರೆಯುವುದೂ ಒಂದು ನೌಕರಿಯೇ ಎಂಬುದನ್ನು ನಮ್ಮ ಮನೆಯವರು ನಾನು ನಿವೃತ್ತಳಾಗುವವರೆಗೂ ನಂಬಲಿಲ್ಲ. "ತಹಸೀಲ ಕಚೇರಿ ಮುಂದ ಗಿಡದ ಬುಡಕ ಕುಂತು ಬರೀತಾರಲ್ಲ, ಹಂಗೇನು?" ಎಂದು ನಮ್ಮ ಅತ್ತೆ ಕೇಳುತ್ತಿದ್ದರು. ಹೆಚ್ಚುಕಡಿಮೆ ಹಂಗಽ ನೋಡ್ರಿ ಅತ್ತಿ, ಎನ್ನುತ್ತಿದ್ದೆ. ಅವರು ಜಮೀನಿನ ತಕರಾರಿಗೆ ಬರೆಯುತ್ತಾರೆ. ನಾನು ಊರ ಮಂದಿಯ ಕೆಲಸಕ್ಕೆ ಅನುದಾನ ಕೊಡಿ ಎಂದು ದೂರದ ದೊಡ್ಡ ಸಂಸ್ಥೆಗಳಿಗೆ ಬರೆಯುತ್ತಿದ್ದೆ. ಅವರಿಗೆ ಚಹಾ ಕುಡಿಸಿ ಬರೆಸಿಕೊಳ್ಳುವವರಾದರೂ ಇರುತ್ತಿದ್ದರು, ನನಗೆ ಅದೂ ಇರಲಿಲ್ಲ.

ನಮ್ಮದು ಬಸವಕಲ್ಯಾಣದ ಒಂದು ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆಗಳ ಸಣ್ಣ ಸೇವಾ ಸಂಸ್ಥೆ. ಕಾರ್ಯದರ್ಶಿ ವೈಜನಾಥ ಸರ್ ಒಳ್ಳೆಯ ಮನುಷ್ಯ. ಯಾರಿಗೂ ಒಂದು ಪೈಸೆ ಮೋಸ ಮಾಡಿದವರಲ್ಲ. ಆದರೆ ಎರಡು ಚಟಗಳಿದ್ದವು: ಒಂದು ದೊಡ್ಡ ದೊಡ್ಡ ಶಬ್ದ, ಇನ್ನೊಂದು ರಿಬ್ಬನ್ ಕತ್ತರಿಸುವ ಫೋಟೋ. ನಾನು 'ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತೇವೆ' ಎಂದು ಬರೆದರೆ ಅವರು ಕೆಂಪು ಪೆನ್ನಿನಿಂದ ಅದನ್ನು 'ಮಹಿಳೆಯರ ಸರ್ವಾಂಗೀಣ ಸಬಲೀಕರಣದತ್ತ ದಿಟ್ಟ ಹೆಜ್ಜೆ' ಎಂದು ತಿದ್ದುತ್ತಿದ್ದರು. "ಸರ್, ಇದರಾಗ ಸೂಜಿ ಎಲ್ಲಿ ಹೋತು?" ಎಂದು ನಾನು ಕೇಳಿದರೆ, "ಸೂಜಿಗಿ ಯಾರ ದುಡ್ಡು ಕೊಡ್ತಾರ್ರಿ?" ಎನ್ನುತ್ತಿದ್ದರು.

ನಾನು ಸೇರಿದ ಕಾಲಕ್ಕೆ ಅರ್ಜಿಯನ್ನು ಟೈಪ್ ಮಾಡಿಸಿ, ದಾರ ಪೋಣಿಸಿ, ರಿಜಿಸ್ಟರ್ಡ್ ಪೋಸ್ಟಿಗೆ ಹಾಕಿ, ಆಮೇಲೆ ಪೋಸ್ಟ್‌ಮ್ಯಾನ್‌ನ ದಾರಿ ಕಾಯುತ್ತಿದ್ದೆವು. ಆಮೇಲೆ ಡಿಟಿಪಿ ಅಂಗಡಿ ಬಂತು. ಕೊನೆಯ ವರ್ಷಗಳಲ್ಲಿ ಎಲ್ಲವೂ ಪೋರ್ಟಲ್. ಒಂದೊಂದು ಪ್ರಶ್ನೆಗೂ ಇನ್ನೂರು ಶಬ್ದದೊಳಗೆ ಉತ್ತರ, ನಡುವೆ ಕರೆಂಟು ಹೋದರೆ ಬರೆದದ್ದೆಲ್ಲ ಗಂಗಾರ್ಪಣ. ವೈಜನಾಥ ಸರ್‌ಗೆ ಪೋರ್ಟಲ್ ಮೇಲೆ ಬಹಳ ಸಿಟ್ಟು, ಏಕೆಂದರೆ ಅದರಲ್ಲಿ ಅವರ ದಿಟ್ಟ ಹೆಜ್ಜೆಗಳಿಗೆ ಜಾಗ ಸಾಲುತ್ತಿರಲಿಲ್ಲ. ನನಗೆ ಮಾತ್ರ ಒಳಗೊಳಗೇ ಖುಷಿ.

ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಯಾವ ಅರ್ಜಿ ಹೇಗೆ ಪಾಸಾಯಿತು, ಗುಟ್ಟೇನು ಎಂದು ಕೇಳುತ್ತಾರೆ. ಗುಟ್ಟು ಎಂಥದ್ದೂ ಇಲ್ಲ. ನನಗೆ ಪಾಠ ಕಲಿಸಿದ ಎರಡು ಸೈಕಲ್ ಅರ್ಜಿಗಳ ಕಥೆ ಹೇಳುತ್ತೇನೆ. ಒಂದು ನಗುವಂಥದ್ದು, ಇನ್ನೊಂದನ್ನು ಇವತ್ತಿಗೂ ನಗದೆ ಅಳದೆ ಹೇಳಲು ನನಗೆ ಬರುವುದಿಲ್ಲ.

ಮೊದಲನೆಯದು ಜಾಥಾದ ಅರ್ಜಿ. ಸೈಕಲ್ ಬಳಕೆಗೆ ಪ್ರೋತ್ಸಾಹ ಕೊಡುವವರಿಗೆ ಅನುದಾನವಿದೆ ಎಂದು ತಿಳಿದ ಕೂಡಲೇ ವೈಜನಾಥ ಸರ್ ಕೋಟೆಯಿಂದ ಬಸ್ ನಿಲ್ದಾಣದವರೆಗೆ ಸೈಕಲ್ ಜಾಥಾ ಎಂದು ಬರೆಸಿದರು. ಟೋಪಿ, ಟೀ ಶರ್ಟ್, ಬ್ಯಾನರ್, ಉಪ್ಪಿಟ್ಟು. ದುಡ್ಡು ಬಂತು. ಜಾಥಾದ ದಿನ ಬೆಳಿಗ್ಗೆ ನೋಡಿದರೆ ಬಂದವರೆಲ್ಲ ಮೋಟರ್ ಸೈಕಲ್ ಮೇಲೆ ಬಂದಿದ್ದರು! ಸೈಕಲ್‌ಗಳನ್ನು ರಾಜೇಶ್ವರ ಎಂಬ ಊರಿನ ಮಸ್ತಾನ್ ಮಿಸ್ತ್ರಿಯ ಅಂಗಡಿಯಿಂದ ಬಾಡಿಗೆಗೆ ತಂದು ಕೋಟೆಯ ಮುಂದೆ ನಿಲ್ಲಿಸಿದ್ದೆವು. ಎಲ್ಲರೂ ಮೋಟರ್ ಸೈಕಲ್ ನಿಲ್ಲಿಸಿ ಸೈಕಲ್ ಹತ್ತಿದರು, ಘೋಷಣೆ ಕೂಗಿದರು, ಉಪ್ಪಿಟ್ಟು ತಿಂದರು, ಸೈಕಲ್ ಇಳಿದು ಮೋಟರ್ ಸೈಕಲ್ ಹತ್ತಿ ಮನೆಗೆ ಹೋದರು. ಮಸ್ತಾನ್ ಸೈಕಲ್‌ಗಳನ್ನು ಟೆಂಪೋಕ್ಕೆ ಏರಿಸುತ್ತಾ ನನ್ನ ಕಡೆ ನೋಡಿ, "ಮೇಡಂ, ಪ್ರತಿ ವರ್ಷ ಮಾಡ್ರಿ, ಭಾಳ ಛಲೋ ಆಗ್ತದ," ಎಂದ. ಅವನು ಮನಸ್ಸಿನಿಂದಲೇ ಹೇಳಿದ್ದ. ನನಗೆ ಮಾತ್ರ ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಎರಡನೆಯದು ಹುಮನಾಬಾದಿನ ಹತ್ತಿರದ ಹುಡಗಿ ಎಂಬ ಗ್ರಾಮದ ಅರ್ಜಿ. ಅದು ಶುರುವಾದದ್ದು ಹುಮನಾಬಾದಿನ ಒಂದು ಹುಡುಗಿಯರ ಹಾಸ್ಟೆಲ್‌ನಲ್ಲಿ. ಬೇರೆ ಕೆಲಸಕ್ಕೆ ಹೋಗಿದ್ದೆ. ಅಡುಗೆಮನೆಯ ಬಾಗಿಲಲ್ಲಿ ವಾರ್ಡನ್ ಒಬ್ಬ ಹೆಂಗಸನ್ನು ದಬಾಯಿಸುತ್ತಿದ್ದರು. ಆಕೆ ರತ್ನಾಬಾಯಿ, ಅಲ್ಲಿ ರೊಟ್ಟಿ ಬಡಿಯುವಾಕೆ. ಹುಡಗಿಯಿಂದ ಬರುವ ಬಸ್ಸು ತಡವಾದ ದಿನವೆಲ್ಲ ನಾಷ್ಟಾ ತಡವಾಗುತ್ತಿತ್ತು, ಹುಡುಗಿಯರು ಬರಿಹೊಟ್ಟೆಯಲ್ಲಿ ಕಾಲೇಜಿಗೆ ಹೋಗುತ್ತಿದ್ದರು. ವಾರ್ಡನ್ ಕೆಟ್ಟವರೇನಲ್ಲ, ಅವರ ಸಿಟ್ಟಿಗೂ ಕಾರಣವಿತ್ತು.

"ಶ್ರಾವಣ ಮುಗಿಯೂ ತನಕ ನೋಡ್ತೀನಿ ರತ್ನಾಬಾಯಿ. ಆಮ್ಯಾಲ ಊರಾಗಿನವರನ್ನೇ ಇಟ್ಕೋತೀನಿ. ನನಗ ಬ್ಯಾರೆ ಹಾದಿ ಇಲ್ಲ," ಎಂದರು.

ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಹಂಚಿನ ಮುಂದೆ ಕುಳಿತಳು. ಆ ದಿನ ಸಂಜೆ ಅವಳ ಜೊತೆಗೇ ಬಸ್ ಹತ್ತಿದೆ. ಅವಳ ಗಂಡ ಕುರಿ ಮೇಯಿಸುವವನು, ಹಿಂಡಿನ ಜೊತೆ ಹೋದರೆ ತಿಂಗಳುಗಟ್ಟಲೆ ಊರ ಕಡೆ ಮುಖ ಹಾಕುತ್ತಿರಲಿಲ್ಲ. ಒಬ್ಬಳೇ ಮಗಳು ಭಾಗ್ಯಶ್ರೀ, ಹುಲಸೂರಿಗೆ ಕೊಟ್ಟಿತ್ತು. ಮನೆ ನಡೆಯುತ್ತಿದ್ದುದು ಆ ರೊಟ್ಟಿಯ ಪಗಾರದ ಮೇಲೆ. "ಅದು ಹೋತಂದ್ರ ಮತ್ತ ಕಳೆ ತಗ್ಯಾಕ ಹೋಗಬೇಕ್ರಿ. ಮೊಣಕಾಲು ಕೇಳಂಗಿಲ್ಲ ಈಗ," ಎಂದಳು.

ಅವಳ ಮನೆಯ ಕುರಿದೊಡ್ಡಿಯ ಗೋಡೆಗೆ ಏನೋ ಒರಗಿಸಿ ಗೋಣಿತಟ್ಟು ಮುಚ್ಚಿತ್ತು. ಕೆಳಗೆ ಎರಡು ಗಾಲಿ ಕಾಣಿಸುತ್ತಿದ್ದವು. ಸೈಕಲ್! ಹಿಂದೆ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಕೊಡುತ್ತಿದ್ದ ಸೈಕಲ್. ಓಣಿಯಲ್ಲಿ ಸುಮ್ಮನೆ ಅಡ್ಡಾಡಿ ಬಂದೆ. ಒಂದು ಮನೆಯ ಮಾಳಿಗೆಯ ಮೇಲೆ, ಇನ್ನೊಂದು ಮನೆಯ ಕೊಟ್ಟಿಗೆಯಲ್ಲಿ, ಮತ್ತೊಂದು ಕಡೆ ಹ್ಯಾಂಡಲ್‌ಗೆ ಬಳ್ಳೊಳ್ಳಿ ಗೊಂಚಲು ಕಟ್ಟಿ, ಹೀಗೆ ಎಲ್ಲೆಲ್ಲೂ ಸೈಕಲ್. ಹುಡುಗಿಯರು ಶಾಲೆ ಮುಗಿಸಿ ಮದುವೆಯಾಗಿ ಹೋಗಿದ್ದರು, ಸೈಕಲ್‌ಗಳು ಉಳಿದಿದ್ದವು. ಹುಮನಾಬಾದಿಗೆ ಕೆಲಸಕ್ಕೆ ಹೋಗುವ ಅವರ ತಾಯಂದಿರು ರಸ್ತೆಯಲ್ಲಿ ನಿಂತು ಬಸ್ಸಿಗೆ ಕೈ ಮಾಡುತ್ತಿದ್ದರು.

ಮರುದಿನ ಕಚೇರಿಗೆ ಹಾರಿಕೊಂಡೇ ಹೋದೆ ಅನ್ನಿ. ಹೊಸ ಸೈಕಲ್ ಒಂದೂ ಬೇಡ. ಇರುವುದರ ರಿಪೇರಿ, ಒಂದು ಸಾಮಾನು ಪೆಟ್ಟಿಗೆ, ವಾರಕ್ಕೆ ಎರಡು ದಿನ ಮಸ್ತಾನ್ ಮಿಸ್ತ್ರಿ, ಕತ್ತಲಲ್ಲಿ ಹೊರಡುವವರಿಗೆ ದೀಪ, ಮತ್ತು ಹೆಂಗಸರಿಗೆ ಸೈಕಲ್ ಕಲಿಸುವವರು. ಇಷ್ಟೇ ಅರ್ಜಿ. ವೈಜನಾಥ ಸರ್ ಓದಿ ಕನ್ನಡಕ ತೆಗೆದರು.

"ಹೊಸಾ ಸೈಕಲ್ ಇಲ್ಲದ ಸೈಕಲ್ ಯೋಜನೆ? ರಿಬ್ಬನ್ ಯಾತಕ್ಕ ಕಟ್ಟೂದ್ರಿ?"

"ನಟ್ ಬಿಗಿಯೂ ಪಾನಾಕ್ಕ ಕಟ್ಟೋಣ್ರಿ ಸರ್."

ಅವರು ನಗಲಿಲ್ಲ. ಆದರೆ ಜಾಥಾದ ದಿನ ಟೆಂಪೋ ಹತ್ತಿದ ಸೈಕಲ್‌ಗಳನ್ನು ಅವರೂ ನೋಡಿದ್ದರು. "ಕಳಸ್ರಿ. ಪಾಸಾಗಲಿಲ್ಲ ಅಂದ್ರ ನನ್ನ ಕಡೆ ಬರಬ್ಯಾಡ್ರಿ," ಎಂದರು. ಆ ಮನುಷ್ಯನ ಮೇಲೆ ನನಗೆ ಗೌರವ ಉಳಿದದ್ದು ಇಂಥ ಮಾತುಗಳಿಂದಲೇ.

ಅರ್ಜಿ ಓದಿದ ಅನುದಾನ ಸಂಸ್ಥೆಯವರಿಗೆ ಅದು ವಿಚಿತ್ರವಾಗಿ ಕಂಡಿರಬೇಕು. ಆಷಾಢದಲ್ಲಿ ಬೆಂಗಳೂರಿನಿಂದ ವಿದ್ಯಾ ಎಂಬ ಅಧಿಕಾರಿಯನ್ನು ಪರಿಶೀಲನೆಗೆ ಕಳಿಸಿದರು. ಮೆಲುಮಾತಿನ ಹೆಣ್ಣುಮಗಳು, ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದಳು. ಓಣಿಯ ಕಟ್ಟೆಯ ಮೇಲೆ ಹೆಂಗಸರೆಲ್ಲ ಸೇರಿದರು. ಮೊದಲ ಪ್ರಶ್ನೆಯನ್ನೇ ಸರಿಯಾಗಿ ಕೇಳಿದಳು: "ಈಗ ಮಹಿಳೆಯರಿಗೆ ಬಸ್ಸು ಉಚಿತ ಇದೆಯಲ್ಲ, ಮತ್ತೆ ಸೈಕಲ್ ಯಾಕೆ?"

ರತ್ನಾಬಾಯಿ ಹೇಳಿದಳು, "ಬಸ್ ಪುಕ್ಕಟ ಅದರಿ. ಖರೇ, ನಿಂದರಬೇಕಲ್ರಿ ಅದು?"

ಕಟ್ಟೆಯೆಲ್ಲ ನಕ್ಕಿತು. ವಿದ್ಯಾ ಕೂಡ ನಕ್ಕು ಬರೆದುಕೊಂಡಳು. ಕೆಲಸ ಆಯಿತು ಬಿಡು ಎಂದುಕೊಂಡೆ. ಆಮೇಲೆ ಅವಳು ಕುರಿದೊಡ್ಡಿಯ ಹತ್ತಿರ ಹೋಗಿ ಗೋಣಿತಟ್ಟು ಸರಿಸಿ, "ಇದನ್ನು ರಿಪೇರಿ ಮಾಡಿಸಿಕೊಟ್ಟರೆ ನೀವು ಓಡಿಸುತ್ತೀರಲ್ಲ?" ಎಂದು ಕೇಳಿದಳು.

ರತ್ನಾಬಾಯಿ ನನ್ನ ಮುಖ ನೋಡಿದಳು, ಸೈಕಲ್ ನೋಡಿದಳು. "ಅದು ನಂದಲ್ರಿ. ನಮ್ಮ ಭಾಗ್ಯಂದು," ಎಂದಳು.

"ಅವರು ಮದುವೆಯಾಗಿ ಹೋಗಿದ್ದಾರಲ್ಲ?"

"ಹೋದ್ರೇನಾತ್ರಿ? ಅಕಿ ಹೆಸರಿಲೆ ಕೊಟ್ಟಾರ. ಅಕಿದಽ."

ಪಕ್ಕದ ಮನೆಯ ಸುಜಾತಾಬಾಯಿಯನ್ನು ಕೇಳಿದರೆ ಅದೇ ಮಾತು. ಅದರಾಚೆಯ ಮನೆಯಲ್ಲೂ ಅದೇ. ನನಗೆ ಆಗ ಹೊಳೆಯಿತು. ನಮ್ಮ ಕಡೆ ಹೆಣ್ಣುಮಗಳಿಗೆ ಕೊಡುವುದುಂಟು, ಅವಳಿಂದ ಇಸಿದುಕೊಳ್ಳುವುದಿಲ್ಲ. ಮಗಳ ಮನೆಯಲ್ಲಿ ನೀರು ಕುಡಿಯಲೂ ಹಿಂದೆಮುಂದೆ ನೋಡುವ ಹಿರಿಯರು ಇವತ್ತಿಗೂ ಇದ್ದಾರೆ. ಅವಳ ಹೆಸರಿನ ವಸ್ತುವನ್ನು ಅವಳಿಲ್ಲದಾಗ ತೆಗೆದು ಬಳಸುವುದೆಂದರೆ ಅವರಿಗೆ ಕಳವು ಮಾಡಿದಂತೆ. ಬಳ್ಳೊಳ್ಳಿ ಕಟ್ಟಬಹುದು, ಗೋಣಿತಟ್ಟು ಹಾಕಿ ಕಾಪಾಡಬಹುದು, ಹತ್ತಿ ಕೂರುವಂತಿಲ್ಲ. ನಾನು ಹುಟ್ಟಿ ಬೆಳೆದದ್ದೂ ಇದೇ ಸೀಮೆಯಲ್ಲಿ. ನನ್ನ ತಾಯಿಯೂ ಹೀಗೇ ಇದ್ದಳು. ಅರ್ಜಿಯಲ್ಲಿ ಮಾತ್ರ 'ಸೈಕಲ್‌ಗಳು ಮನೆಯಲ್ಲಿಯೇ ಲಭ್ಯವಿವೆ' ಎಂದು ಜಂಬದಿಂದ ಬರೆದಿದ್ದೆ. ಹೊಸಬರಿಗೆ ಹೇಳುವುದಿಷ್ಟೆ: ಒಂದು ವಸ್ತು ಇದೆಯೋ ಇಲ್ಲವೋ ಎಂದು ಕೇಳಿ ಬರಬೇಡಿ, ಅದು ಯಾರದು ಎಂದೂ ಕೇಳಿ.

ವಿದ್ಯಾ ಸಿಟ್ಟಾಗಲಿಲ್ಲ. ಹೋಗುವಾಗ ನನ್ನನ್ನು ಬದಿಗೆ ಕರೆದು, "ಮೇಡಂ, ಶ್ರಾವಣ ಮುಗಿಯುವುದರೊಳಗೆ ಇಲ್ಲಿ ಸೈಕಲ್ ಓಡಿಸುವ ಹೆಂಗಸರು ಇದ್ದಾರೆ ಅಂತ ತೋರಿಸಿ. ಇಲ್ಲದಿದ್ದರೆ ಈ ಹಣ ಬೇರೆ ಊರಿಗೆ ಹೋಗುತ್ತದೆ," ಎಂದಳು. ವಾರ್ಡನ್ ಕೊಟ್ಟ ಗಡುವೂ ಅದೇ ಆಗಿತ್ತು. ನನ್ನ ಅರ್ಜಿ ಹೋದರೆ ಇನ್ನೊಂದು ಬರೆಯಬಹುದು, ರತ್ನಾಬಾಯಿಗೆ ಇನ್ನೊಂದು ಕೆಲಸ ಎಲ್ಲಿಂದ ತರುವುದು?

ದಾರಿ ತೋರಿಸಿದ್ದು ಪಂಚಮಿ ಹಬ್ಬ. ಹಬ್ಬಕ್ಕೆ ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರೆ. ಸುಜಾತಾಬಾಯಿಯಂಥ ಬೌದ್ಧರ ಮನೆಗಳಲ್ಲಿ ನಾಗಪ್ಪನ ಪೂಜೆ ಇಲ್ಲ, ಆದರೆ ಓಣಿಯ ಗೆಳತಿಯರೆಲ್ಲ ಬರುವ ಹೊತ್ತಿಗೆ ಅವರ ಹೆಣ್ಣುಮಕ್ಕಳೂ ಬಂದೇ ಬರುತ್ತಾರೆ. ಜೋಕಾಲಿ ಕಟ್ಟಿದ ದಿನ ನಾನು ಹುಡಗಿಗೆ ಹೋದೆ. ಅಳ್ಳು, ಉಂಡಿ ತಿನ್ನುತ್ತ ಕುಳಿತ ಹುಡುಗಿಯರಿಗೆ ಎಲ್ಲವನ್ನೂ ಹೇಳಿದೆ. ಅವರು ಬಿದ್ದು ಬಿದ್ದು ನಕ್ಕರು.

"ಅಯ್ಯಽ, ನಮ್ಮವ್ವ ಸೈಕಲ್ ಹತ್ತತಾಳಂತ! ನಡೀರೆ, ಹತ್ತಿಸೋಣು!" ಎಂದು ಸುಜಾತಾಬಾಯಿಯ ಮಗಳು ಪ್ರಜ್ಞಾ ಜೋಕಾಲಿಯಿಂದ ಜಿಗಿದೇಬಿಟ್ಟಳು.

ಆಮೇಲೆ ನಡೆದದ್ದನ್ನು ನೋಡಲು ಕಣ್ಣು ಸಾಲಲಿಲ್ಲ. ಹುಡುಗಿಯರೇ ತಂತಮ್ಮ ಸೈಕಲ್ ಕೆಳಗಿಳಿಸಿ ತೊಳೆದರು. ಮಸ್ತಾನ್ ಮಿಸ್ತ್ರಿಗೆ ಫೋನ್ ಮಾಡಿದರೆ ಟ್ಯೂಬು, ಪಂಪು ಹಿಡಿದು ರಾಜೇಶ್ವರದಿಂದ ಬಂದ. ಶಾಲೆಯ ಬಯಲಿನಲ್ಲಿ ಮಗಳು ಕ್ಯಾರಿಯರ್ ಹಿಡಿದು ಓಡುವುದು, ತಾಯಿ ಮೇಲೆ ಕುಳಿತು "ಬಿಡಬ್ಯಾಡಲೇ, ಬಿಡಬ್ಯಾಡ!" ಎಂದು ಕೂಗುವುದು. ಮಗಳೇ ಕೈ ಹಿಡಿದು ಕೂರಿಸಿದರೆ ಅದು ಇಸಿದುಕೊಂಡಂತೆ ಅಲ್ಲವಲ್ಲ! ಕಚ್ಚೆ ಸೀರೆ ಉಡುವ ಹಿರಿಯರಿಗಂತೂ ಪೆಡಲ್ ತುಳಿಯಲು ಏನೂ ಅಡ್ಡಿಯಾಗಲಿಲ್ಲ. ಕಲಿಸುವವರು ಎಂದು ಅರ್ಜಿಯಲ್ಲಿ ನಾನು ಯಾರನ್ನು ಹುಡುಕುತ್ತಿದ್ದೆನೋ ಅವರು ಆ ಊರಿನಲ್ಲೇ ಹುಟ್ಟಿ ಬೆಳೆದವರಾಗಿದ್ದರು.

ಒಬ್ಬಳ ಮಗಳು ಮಾತ್ರ ಬಂದಿರಲಿಲ್ಲ. ಭಾಗ್ಯಶ್ರೀಗೆ ಆರು ತಿಂಗಳು ತುಂಬಿತ್ತು, ಬಸ್ಸಿನ ಕುಲುಕಾಟ ಬೇಡವೆಂದು ಡಾಕ್ಟರು ಹೇಳಿದ್ದರು. ರತ್ನಾಬಾಯಿ ಪ್ರಜ್ಞಾಳ ಸೈಕಲ್ ಮೇಲೆ ಎಲ್ಲರಿಗಿಂತ ಮೊದಲು ಕಲಿತಳು, ಇಳಿಯುವುದೊಂದು ಬಿಟ್ಟು. ಇಳಿಯಬೇಕಾದಾಗ ಯಾರಾದರೂ ಹಿಡಿಯಬೇಕಾಗುತ್ತಿತ್ತು. ಆದರೆ ಮನೆಗೆ ಬಂದವಳೇ ತನ್ನ ಮಗಳ ಸೈಕಲ್‌ನ ಗೋಣಿತಟ್ಟು ಸರಿಯಾಗಿ ಹೊದಿಸಿ ಒಳಗೆ ಹೋಗುತ್ತಿದ್ದಳು.

"ಒಂದು ಫೋನ್ ಹಚ್ಚಿ ಕೇಳಬಾರದೇನವ್ವ?" ಎಂದೆ.

"ಬಸರಿ ಮಗಳ ಕಡೆ ಜೀನಸು ಬೇಡ್ತಾರೇನ್ರಿ ಅಕ್ಕೋರೆ? ನಾ ಕೊಡೂ ಹೊತ್ತಿದು. ಬೇಡಲೇನು?"

ಹಬ್ಬಕ್ಕೆ ಬಂದ ಹುಡುಗಿಯರು ಗಂಡನ ಮನೆಗೆ ಹೋದರು. ತಾಯಂದಿರು ಸೈಕಲ್ ಮೇಲೆ ಹೊಲಕ್ಕೆ, ಸಂತೆಗೆ ಹೊರಟರು. ಎಲ್ಲದಕ್ಕೂ ಕಾರಣಳಾದವಳು ಇನ್ನೂ ರಸ್ತೆಯಲ್ಲಿ ನಿಂತು ಬಸ್ಸಿಗೆ ಕೈ ಮಾಡುತ್ತಿದ್ದಳು. ಶ್ರಾವಣ ಇನ್ನೇನು ಮುಗಿಯುತ್ತ ಬಂದಿತ್ತು.

ಹುಲಸೂರಿನಲ್ಲಿ ನನಗೆ ಒಂದು ಸಣ್ಣ ಕಚೇರಿ ಕೆಲಸವಿತ್ತು. ಇರದಿದ್ದರೂ ಹೋಗುತ್ತಿದ್ದೆ. ಭಾಗ್ಯಶ್ರೀ ಹೊಸ್ತಿಲಲ್ಲಿ ಕುಳಿತು ಪುಂಡಿಪಲ್ಲೆ ಸೋಸುತ್ತಿದ್ದಳು. ವಿಷಯ ಕೇಳಿ ಮೊದಲು ಅವಳಿಗೆ ಸಿಟ್ಟೇ ಬಂತು. "ನನಗ ಒಂದು ಮಾತು ಹೇಳಬಾರದೇನ್ರಿ ಅಕಿ? ನೌಕರಿ ಹೋಗ್ತದಂದ್ರೂ ಸುಮ್ನಿರ್ತಾಳ?" ಎಂದಳು. ತಕ್ಷಣ ಕೊಡುತ್ತೇನೆ ಎಂದೂ ಅಂದಳು. ಆಮೇಲೆ ತಾನೇ ತಲೆ ಅಲ್ಲಾಡಿಸಿದಳು. "ಇಲ್ರಿ, ಕೊಟ್ರ ತಗೊಳ್ಳಂಗಿಲ್ಲ ಅಕಿ. ನನಗ ಗೊತ್ತದ." ಸ್ವಲ್ಪ ಹೊತ್ತು ಪಲ್ಲೆ ಸೋಸಿ, ನನ್ನ ಕಡೆ ನೋಡಿ ನಕ್ಕಳು.

"ಅವ್ವಗ ಹಿಂಗ ಹೇಳ್ರಿ. ಪುಕ್ಕಟ ಕೊಡಂಗಿಲ್ಲ ಅಂದಳ ಅಂತ. ಬಾಣಂತನಕ್ಕ ಬರ್ತೀನಲ್ಲ, ನನ್ನ ಕೂಸಿಗಿ ಒಂದು ಕುಂಚಿಗಿ ಹೊಲದು ಇಡಲಿ. ಅದಕ್ಕ ಇದು. ವ್ಯಾಪಾರದ್ದು ವ್ಯಾಪಾರ."

ಕೂಸಿನ ತಲೆಬೆನ್ನು ಮುಚ್ಚುವ ಕುಂಚಿಗಿಯನ್ನು ಹೊಲಿಯುವುದು ಹೇಗೂ ತವರಿನ ಅಜ್ಜಿಯೇ. ಭಾಗ್ಯಶ್ರೀ ಕೇಳದಿದ್ದರೂ ರತ್ನಾಬಾಯಿ ಹೊಲಿಯುತ್ತಿದ್ದಳು. ಅದು ಇಬ್ಬರಿಗೂ ಗೊತ್ತಿತ್ತು. ನಾನು ಅದೇ ಸಂಜೆ ಹುಡಗಿಗೆ ಹೋಗಿ ಒಂದಕ್ಷರ ಕೂಡಿಸದೆ ಕಳೆಯದೆ ಹೇಳಿದೆ.

"ಭಾಳ ಶಾಣ್ಯಾಕಿ ಆಗ್ಯಾಳ," ಎಂದಳು ರತ್ನಾಬಾಯಿ. ಟ್ರಂಕಿನಿಂದ ಒಂದು ಹಳೆಯ ಇಳಕಲ್ ಸೀರೆ ತೆಗೆದು ಅದರ ಅಂಚು ಹಿಡಿದು ನೋಡಿದಳು. ಆಮೇಲೆ ಹೊರಗೆ ಹೋಗಿ ಗೋಣಿತಟ್ಟು ತೆಗೆದಳು.

ಅನುದಾನ ಬಂದದ್ದು ದಸರೆಯ ಹೊತ್ತಿಗೆ. ಶಾಲೆಯ ಬಯಲಿನಲ್ಲಿ ತಾಯಂದಿರು ಸೈಕಲ್ ಹೊಡೆಯುವುದನ್ನು ಮೊಬೈಲಿನಲ್ಲಿ ಹಿಡಿದು ವಿದ್ಯಾಳಿಗೆ ಕಳಿಸಿದ್ದೆ. ಅವಳು ಎರಡು ಪ್ರಶ್ನೆ ಕೇಳಿ ಪಾಸು ಮಾಡಿಸಿದಳು. ವೈಜನಾಥ ಸರ್ ಸಾಮಾನು ಪೆಟ್ಟಿಗೆಗೇ ರಿಬ್ಬನ್ ಕಟ್ಟಿಸಿ, ಮಸ್ತಾನ್ ಮಿಸ್ತ್ರಿಯ ಕೈಯಿಂದ ಕತ್ತರಿಸಿ ಫೋಟೋ ತೆಗೆಸಿದರು. ಆ ಫೋಟೋ ಈಗಲೂ ಕಚೇರಿಯಲ್ಲಿದೆ. ಅದೆಲ್ಲ ಆಮೇಲಿನ ಮಾತು. ನಾನು ಹೇಳಬೇಕಾದದ್ದು ಅದಕ್ಕಿಂತ ಮೊದಲಿನ, ಶ್ರಾವಣದ ಕೊನೆಯ ವಾರದ ಒಂದು ಬೆಳಗು.

ಹಿಂದಿನ ದಿನ ಹುಮನಾಬಾದಿನಲ್ಲಿ ನನ್ನ ತಂಗಿಯ ಮನೆಯಲ್ಲಿ ಉಳಿದಿದ್ದೆ. ಬೆಳಕು ಹರಿಯುವ ಮುಂಚೆ ಹಾಸ್ಟೆಲ್ ಗೇಟಿಗೆ ಬಂದು ನಿಂತೆ. ವಾರ್ಡನ್ ಕೂಡ ಎದ್ದು ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದರು. ಮಸ್ತಾನ್ ಸರಿಮಾಡಿಕೊಟ್ಟ ಮಗಳ ಸೈಕಲ್ ಮೇಲೆ ರತ್ನಾಬಾಯಿ ಮೊದಲ ಸಲ ಕೆಲಸಕ್ಕೆ ಬರುವ ದಿನ ಅದು. ದಾರಿಯಲ್ಲಿ ಲಾರಿಗಳು, ಇಳಿಯಲು ಬಾರದ ಹೆಂಗಸು, ನಾನೇ ಹುರಿದುಂಬಿಸಿ ಕಳಿಸಿದ್ದು. ಏನಾದರೂ ಆದರೆ?

ಮೊದಲು ಗಂಟೆಯ ಸದ್ದು ಕೇಳಿಸಿತು. ಆಮೇಲೆ ಕಚ್ಚೆ ಹಾಕಿದ ಹಸಿರು ಸೀರೆ ಕಾಣಿಸಿತು. "ಸರೀರಿ! ಸರೀರಿ!" ಎಂದು ಕೂಗುತ್ತಾ ರತ್ನಾಬಾಯಿ ನನ್ನನ್ನೂ ವಾರ್ಡನ್‌ರನ್ನೂ ದಾಟಿ ಅಂಗಳದೊಳಗೆ ನುಗ್ಗಿ, ಬೇವಿನ ಗಿಡವನ್ನು ಸುತ್ತತೊಡಗಿದಳು. ನಿಲ್ಲಿಸಲು ಬಾರದು, ಇಳಿಯಲು ಬಾರದು! ಹಲ್ಲಿನ ಬ್ರಷ್ ಬಾಯಲ್ಲಿಟ್ಟುಕೊಂಡೇ ಹಾಸ್ಟೆಲ್ ಹುಡುಗಿಯರು ಓಡಿಬಂದು ಕ್ಯಾರಿಯರ್ ಹಿಡಿದು ನಿಲ್ಲಿಸಿದರು. ವಾರ್ಡನ್ ಬಾಯಿ ಮುಕ್ಕಳಿಸಿ, "ಒಲಿ ಹಚ್ಚು ನಡಿ ರತ್ನಾಬಾಯಿ. ಇನ್ನೂ ಭಾಳ ಹೊತ್ತದ," ಎಂದರು. ಆಮೇಲೆ ಕೆಲಸ ಬಿಡಿಸುವ ಮಾತನ್ನು ಅವರು ಎತ್ತಲೇ ಇಲ್ಲ.

ಭಾಗ್ಯಶ್ರೀಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು. ಮುಟ್ಟಿದಳವ್ವ ನಿಮ್ಮವ್ವ, ಎಲ್ಲ ಛಲೋ ಆತು, ಎಂದೆ. ಬೇವಿನ ಗಿಡ ಸುತ್ತಿದ್ದನ್ನು ಹೇಳಿದಾಗ ಜೋರಾಗಿ ನಕ್ಕಳು. ನಗುತ್ತ ನಗುತ್ತ ದನಿ ಬೇರೆಯಾಯಿತು.

"ಅಕ್ಕೋರೆ, ನನಗ ಸೈಕಲ್ ಕೊಟ್ಟ ಮೊದಲನೇ ದಿನ ಅವ್ವ ಹಿಂದ ಹಿಡಕೊಂಡು ಸಾಲಿ ತನಕ ಓಡಿ ಬಂದಿದ್ದಳ್ರಿ, ಬರಿಗಾಲಿಲೆ. ನಾ ಬೀಳ್ತೀನಿ ಅಂತ. ಇವತ್ತ ಅಕಿ ಹಿಂದ ಯಾರ ಓಡಿದ್ರು?"

ನಾನು ಅಡುಗೆಮನೆಯ ಕಡೆ ನೋಡಿದೆ. ಒಲೆಯ ಹೊಗೆ ಏಳುತ್ತಿತ್ತು, ರೊಟ್ಟಿ ಬಡಿಯುವ ಸದ್ದು ಶುರುವಾಗಿತ್ತು.

"ಯಾರೂ ಇಲ್ಲ ತಾಯಿ," ಎಂದೆ. "ಒಬ್ಬಾಕೀನೇ ಬಂದಾಳ."